ವೃತ್ತಪತ್ರಿಕೆಗಳೂ ಅಪರಾಧ ನ್ಯಾಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಿಪ್ಪಾಣಿಯಲ್ಲಿ ನೆರೆದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಮಂಗಳ ಪ್ರಸಂಗದಲ್ಲಿ ಕೊಲೆ, ಕಳವು, ಕೋರ್ಟು, ಕಾರಾಗೃಹಗಳ ಮಾತನ್ನು ಎತ್ತುವುದು ಉಚಿತವೇ ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿದರೆ ಅದು ಸಹಜವೇ ಸರಿ. ಆದರೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಮುಂಜಾನೆ ಪತ್ರಿಕೆಯನ್ನು ಓದದೆ, ಸಂಜೆ ದೂರದರ್ಶನದ ವಾರ್ತೆಯನ್ನು ನೋಡದೆ, ಅಂಗೈಯಲ್ಲಿಯ ಮೊಬೈಲಿನಲ್ಲಿ ಹತ್ತಾರು ಸುದ್ದಿಗಳನ್ನು ಕಾಣದೆ ಇರುವವರು ಈಗ ವಿರಳ. ಆ ಸುದ್ದಿಗಳಲ್ಲಿ ಅಪರಾಧದ ಸುದ್ದಿಯೇ ಎಲ್ಲಕ್ಕಿಂತ ಬೇಗ ಮನಸ್ಸನ್ನು ಹಿಡಿಯುತ್ತದೆ. ಅದನ್ನು ಓದಿದೊಡನೆ ನಾವು ಕುಳಿತಲ್ಲಿಯೇ ನ್ಯಾಯಾಧೀಶರಾಗುತ್ತೇವೆ. ಒಬ್ಬನನ್ನು ಅಪರಾಧಿಯೆಂದು ನಿರ್ಣಯಿಸಿ, ಶಿಕ್ಷೆಯನ್ನೂ ವಿಧಿಸಿ, ಚಹಾ ಮುಗಿಸಿ ಏಳುತ್ತೇವೆ. ಹೀಗೆ ದಿನನಿತ್ಯ ನಮ್ಮಿಂದ ನಡೆಯುತ್ತಿರುವ ಈ ನ್ಯಾಯದಾನವು ಎಷ್ಟರಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ವಿಚಾರಿಸುವುದು ಧರ್ಮಸಭೆಗೆ ಹೊರತಾದ ವಿಷಯವಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಶರಣರ ಚರಿತ್ರೆಯಲ್ಲಿ ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದ ಒಂದು ಪ್ರಸಂಗವುಂಟು. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗಾಗಿ ವೆಚ್ಚ ಮಾಡುತ್ತಿರುವರೆಂದು ಕೊಂಡೆಯ ಮಂಚಣ್ಣ ಮೊದಲಾದವರು ಬಿಜ್ಜಳನಲ್ಲಿ ಚಾಡಿ ಹೇಳಿದರು. ಆಗ ಭಂಡಾರವನ್ನು ತೆರೆಯಿಸಿ ಎಣಿಸಲಾಗಿ, ಹಣವು ಒಂದಿನಿತೂ ಕುಂದಿರಲಿಲ್ಲ. ಈ ಕಥೆಯಲ್ಲಿ ಪವಾಡದ ಅಂಶವನ್ನು ಭಕ್ತಿಯಿಂದ ಸ್ಮರಿಸುವ ನಾವು, ಅದರಲ್ಲಿರುವ ನ್ಯಾಯದ ಅಂಶವನ್ನು ಬಹುಶಃ ಗಮನಿಸುವುದಿಲ್ಲ. ಚಾಡಿ ಹೇಳಿದವನ ಮಾತನ್ನು ಕೇಳಿ ಅಲ್ಲಿಗೇ ನಿರ್ಣಯಿಸದೆ, ಭಂಡಾರದ ಬಾಗಿಲನ್ನು ತೆರೆದು ಎಣಿಸಿ ನೋಡಿದರಷ್ಟೆ! ಇಂದಿನ ಕೋರ್ಟುಗಳ ಕೆಲಸವೂ ಎಣಿಸಿ ನೋಡುವುದೇ ಆಗಿದೆ. ಎಣಿಕೆ ಮುಗಿಯುವ ಮೊದಲೇ ಲೆಕ್ಕ ಹೇಳುವವರು ಹೆಚ್ಚಾದಾಗ ಏನಾಗುತ್ತದೆಂಬುದೇ ಇಂದಿನ ನನ್ನ ವಿಷಯ.

ಮೊದಲು ಫೌಜದಾರಿ ಖಟ್ಲೆಯು ನಡೆಯುವ ಕ್ರಮವನ್ನು ಸಂಕ್ಷೇಪವಾಗಿ ನೋಡೋಣ. ಯಾರೋ ಒಬ್ಬರು ಠಾಣೆಗೆ ಫಿರ್ಯಾದಿ ಕೊಡುತ್ತಾರೆ. ಪೋಲೀಸರು ತಪಾಸು ಮಾಡುತ್ತಾರೆ, ಪಂಚನಾಮೆಯಾಗುತ್ತದೆ, ಸಂಶಯವಿದ್ದವರನ್ನು ಬಂಧಿಸುತ್ತಾರೆ. ಬಳಿಕ ದೋಷಾರೋಪಣ ಪತ್ರವು ಕೋರ್ಟಿಗೆ ಹೋಗುತ್ತದೆ. ಅಲ್ಲಿ ಸಾಕ್ಷಿದಾರರು ಹೇಳುವುದನ್ನು ಎದುರು ಪಕ್ಷದ ವಕೀಲರು ಪಾಟೀಸವಾಲಿನಿಂದ ಒರೆಗೆ ಹಚ್ಚುತ್ತಾರೆ. ಆಮೇಲೆ ನಿರ್ಣಯ, ಅದರ ಮೇಲೆ ಅಪೀಲು. ಇದಕ್ಕೆಲ್ಲ ವರ್ಷಗಳು ಹಿಡಿಯುತ್ತವೆ. ಪತ್ರಿಕೆಯ ಮೊದಲ ಪುಟದಲ್ಲಿ ದೊಡ್ಡಕ್ಷರಗಳಲ್ಲಿ ಬರುವುದು ಈ ದಾರಿಯ ಮೊದಲಿನ ಎರಡು ಹೆಜ್ಜೆ ಮಾತ್ರ, ಅಂದರೆ ಫಿರ್ಯಾದಿ ಮತ್ತು ಬಂಧನ. ಆ ಹೊತ್ತಿಗೆ ಸುದ್ದಿಗಾರನಿಗೆ ದೊರೆಯುವುದು ಬಹುತೇಕ ಪೋಲೀಸರ ಹೇಳಿಕೆಯೊಂದೇ. ಬಂಧಿತನು ಮಾತನಾಡುವ ಸ್ಥಿತಿಯಲ್ಲಿರುವುದಿಲ್ಲ. ಅವನ ವಕೀಲನಿಗೆ ಕಾಗದಗಳು ಸಿಕ್ಕಿರುವುದಿಲ್ಲ. ಆದುದರಿಂದ ಬರೆಯುವವನು ಪ್ರಾಮಾಣಿಕನೇ ಆಗಿದ್ದರೂ ಸುದ್ದಿಯು ಒಂದು ಮಗ್ಗುಲಿಗೆ ವಾಲುತ್ತದೆ.

“ಆರೋಪಿಯು ತಪ್ಪನ್ನು ಒಪ್ಪಿಕೊಂಡನು” ಎಂಬ ಶಿರೋನಾಮೆಯನ್ನು ತಾವೆಲ್ಲ ಅನೇಕ ಸಲ ಓದಿರಬಹುದು. ಪೋಲೀಸರ ಮುಂದೆ ಮಾಡಿದ ಒಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಎತ್ತಕೂಡದೆಂದು 1872ರ ಸಾಕ್ಷ್ಯ ಶಾಸನದ 25ನೆಯ ಕಲಮು ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಬಂದೀಖಾನೆಯ ಗೋಡೆಗಳೊಳಗೆ ಹೆದರಿಕೆಯಿಂದಲೂ ಹೊಡೆತದಿಂದಲೂ ಏನನ್ನು ಬೇಕಾದರೂ ಒಪ್ಪಿಸಬಹುದೆಂಬುದನ್ನು ಪರದೇಶದ ಸರಕಾರ ಕೂಡ ಅರಿತು ಈ ನಿರ್ಬಂಧವನ್ನು ಹಾಕಿತ್ತು. ಅಂಥ ಒಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಚಾವಡಿಯ ಕಟ್ಟೆಯ ಮೇಲೆ ಅದಕ್ಕಿಂತ ದೊಡ್ಡ ಪುರಾವೆ ಇನ್ನೊಂದಿಲ್ಲ. ಜನರ ಅಭಿಪ್ರಾಯಕ್ಕೂ ನ್ಯಾಯಾಲಯದ ನಿರ್ಣಯಕ್ಕೂ ನಡುವೆ ಇರುವ ಅಂತರವು ಹುಟ್ಟುವ ಒಂದು ಸ್ಥಳ ಇದೇ. ಕೋರ್ಟು ಬಿಟ್ಟ ಮನುಷ್ಯನನ್ನು ಕುರಿತು “ಲಂಚ ಕೊಟ್ಟು ಪಾರಾದ” ಎಂದು ಜನರು ಹೇಳುವುದು ಇದರಿಂದಲೇ.

ಪತ್ರಿಕೆಗಳ ಪಕ್ಷಪಾತವು ಈ ಕಾಲದ ಹೊಸ ರೋಗವೆಂದು ತಿಳಿಯಬಾರದು. ನಮ್ಮ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದ ಸಂಗತಿಯನ್ನು ನೆನೆಯೋಣ. 1897ರ ಜೂನ್ 22ರಂದು ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಮುಂಬಯಿಯ ಆಂಗ್ಲ ಪಕ್ಷದ ಪತ್ರಿಕೆಯು ಲೋಕಮಾನ್ಯ ತಿಲಕರ ‘ಕೇಸರಿ’ಯ ಬರಹಗಳೇ ಈ ಹತ್ಯೆಗೆ ಪ್ರೇರಣೆಯೆಂಬ ಭಾವನೆಯನ್ನು ಬೆಳೆಸಿತು. ತಿಲಕರ ಮೇಲೆ ಹೊರಿಸಿದ್ದು ಕೊಲೆಯ ಆರೋಪವಲ್ಲ, ರಾಜದ್ರೋಹದ ಆರೋಪ. ಆದರೂ ಓದುಗರ ಮನಸ್ಸಿನಲ್ಲಿ ಎರಡೂ ಹೆಣೆದುಕೊಂಡುಬಿಟ್ಟಿದ್ದವು. ಜ್ಯೂರಿಯ ಒಂಬತ್ತು ಜನರಲ್ಲಿ ಆರು ಮಂದಿ ಯುರೋಪಿಯನ್ನರು ಅಪರಾಧಿಯೆಂದರು. ಮೂವರು ದೇಶೀಯರು ನಿರಪರಾಧಿಯೆಂದರು. ಒಂದೇ ಕೋಣೆಯಲ್ಲಿ ಕುಳಿತು ಒಂದೇ ಸಾಕ್ಷ್ಯವನ್ನು ಕೇಳಿದವರು ಹೀಗೆ ಜನಾಂಗದ ಗೆರೆಗೆ ಸರಿಯಾಗಿ ಇಬ್ಭಾಗವಾದದ್ದನ್ನು ನೋಡಿದರೆ, ಅವರು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ಮನಸ್ಸನ್ನು ಕಟ್ಟಿಕೊಂಡು ಬಂದಿದ್ದರೆಂದು ಹೇಳಬೇಕಾಗುತ್ತದೆ. ತಿಲಕರಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಗುಂಡು ಹಾರಿಸಿದವರು ಚಾಪೇಕರ ಸಹೋದರರೆಂಬುದು ಬೇರೆಯಾಗಿಯೇ ನಿರ್ಣಯವಾಯಿತು.

ಪತ್ರಿಕೆಯು ಒಬ್ಬನನ್ನು ಕೆಡಹುವಂತೆ ಇನ್ನೊಬ್ಬನನ್ನು ಎತ್ತಿ ಹಿಡಿಯಲೂ ಬಲ್ಲದು. 1959ರಲ್ಲಿ ನೌಕಾಪಡೆಯ ಅಧಿಕಾರಿ ನಾನಾವಟಿಯವರು ಮುಂಬಯಿಯಲ್ಲಿ ಒಬ್ಬ ವ್ಯಾಪಾರಿಯನ್ನು ಗುಂಡಿಟ್ಟು ಕೊಂದ ಖಟ್ಲೆಯಲ್ಲಿ, ‘ಬ್ಲಿಟ್ಜ್’ ವಾರಪತ್ರಿಕೆಯು ಆರೋಪಿಯ ಪಕ್ಷವನ್ನು ಬಹಿರಂಗವಾಗಿ ವಹಿಸಿತು. ಜ್ಯೂರಿಯು ಎಂಟಕ್ಕೊಂದು ಮತದಿಂದ ಅವರನ್ನು ನಿರಪರಾಧಿಯೆಂದಿತು. ನ್ಯಾಯಾಧೀಶರು ಅದನ್ನು ಒಪ್ಪದೆ ಹಾಯಕೋರ್ಟಿಗೆ ಕಳುಹಿಸಿದರು. ಹಾಯಕೋರ್ಟು ಅಪರಾಧಿಯೆಂದು ಜನ್ಮಾವಧಿ ಶಿಕ್ಷೆ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಸತ್ತವನಿಗೆ ಪತ್ರಿಕೆ ಇರಲಿಲ್ಲ. ಬಡವನೂ ಸತ್ತವನೂ ದೂರದೂರಿನವನೂ ಸುದ್ದಿಯಲ್ಲಿ ಯಾವಾಗಲೂ ಹಿಂದಿನ ಸಾಲಿನಲ್ಲಿಯೇ ನಿಲ್ಲುತ್ತಾರೆ. ಇಂದು ನಮ್ಮ ದೇಶದ ನ್ಯಾಯಾಲಯಗಳಲ್ಲಿ ಜ್ಯೂರಿ ಇಲ್ಲ. ಆದರೆ ಆ ಜ್ಯೂರಿಯು ಕೋರ್ಟಿನಿಂದ ಹೊರಬಿದ್ದು ಮನೆಮನೆಯ ಪಡಸಾಲೆಯಲ್ಲಿ ಬಂದು ಕುಳಿತಿದೆ.

ಇನ್ನು ನಮ್ಮ ಊರಿನ ಮಾತಿಗೆ ಬರುತ್ತೇನೆ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ನಮಗೆ ಬೇರೆಯವರಿಗಿಲ್ಲದ ಒಂದು ಅನುಕೂಲವುಂಟು. ನಮ್ಮಲ್ಲಿ ಅನೇಕರು ಕನ್ನಡ ಮರಾಠಿಗಳೆರಡನ್ನೂ ಓದಬಲ್ಲರು. ಒಂದೇ ಘಟನೆಯನ್ನು ಬೆಳಗಾವಿಯ ಕನ್ನಡ ಪತ್ರಿಕೆಯಲ್ಲೂ ಕೊಲ್ಹಾಪುರದ ಮರಾಠಿ ಪತ್ರಿಕೆಯಲ್ಲೂ ನೋಡಿದವನಿಗೆ, ಸುದ್ದಿಯೆಂಬುದು ಕನ್ನಡಿಯಲ್ಲ, ಚಿತ್ರಗಾರನ ಪಟವೆಂದು ತಿಳಿಯಲು ಬೇರೆ ಗುರುವು ಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರದ ಬಾಳೇಕುಂದ್ರಿಯಲ್ಲಿ ಬಸ್ಸಿನ ಕಂಡಕ್ಟರರೊಬ್ಬರ ಮೇಲೆ ಹಲ್ಲೆಯಾಯಿತು. ಭಾಷೆಯ ಕಾರಣದಿಂದ ಹೊಡೆದರೆಂದು ಅವರ ಫಿರ್ಯಾದಿ. ಮರುಗಳಿಗೆಯಲ್ಲೇ ಅವರ ಮೇಲೂ ಒಂದು ಗಂಭೀರವಾದ ಪ್ರತಿಫಿರ್ಯಾದಿ ದಾಖಲಾಯಿತು. ಎರಡನ್ನೂ ಸಮಾಧಾನದಿಂದ ತಪಾಸು ಮಾಡಬೇಕಾದದ್ದು ಕಾಯದೆಯ ಕೆಲಸ. ಆದರೆ ತಪಾಸು ಇನ್ನೂ ಆರಂಭದಲ್ಲಿರುವಾಗಲೇ ಗಡಿಯ ಈಚೆಗೆ ಒಬ್ಬರು ಅಪರಾಧಿ, ಆಚೆಗೆ ಇನ್ನೊಬ್ಬರು ಅಪರಾಧಿ ಎಂದಾಗಿಹೋಗಿತ್ತು. ಎರಡೂ ರಾಜ್ಯಗಳಲ್ಲಿ ಏನೂ ತಿಳಿಯದ ಬಸ್ಸಿನ ನೌಕರರ ಮುಖಕ್ಕೆ ಮಸಿ ಬಳಿದರು. ರಾಜ್ಯಗಳ ನಡುವಿನ ಬಸ್ಸುಗಳು ನಿಂತವು. ನಿಪ್ಪಾಣಿಯಿಂದ ಕೊಲ್ಹಾಪುರದ ದವಾಖಾನೆಗೂ ಕಾಲೇಜಿಗೂ ಪೇಟೆಗೂ ಹೋಗುವ ನಮ್ಮಂಥವರಿಗೆ ಕೊಗನೊಳ್ಳಿಯ ನಾಕೆಯೇ ಲೋಕದ ಅಂಚಾಯಿತು. ಕೆಲವು ದಿನಗಳಲ್ಲಿ ಪ್ರತಿಫಿರ್ಯಾದಿಯ ಕುಟುಂಬದವರೇ ಅದನ್ನು ಹಿಂದಕ್ಕೆ ಪಡೆಯುವೆವೆಂದರು. ಆದರೆ ಮಾರ್ಚ್ 22ರ ಕರ್ನಾಟಕ ಬಂದ್ ನಡೆದೇ ನಡೆಯಿತು. ಮಸಿ ಬಳಿಸಿಕೊಂಡವರು ಯಾವ ಖಟ್ಲೆಯಲ್ಲಿ ಆರೋಪಿಗಳಾಗಿದ್ದರು?

2023ರ ಜುಲೈ ತಿಂಗಳಲ್ಲಿ ನಮ್ಮ ಚಿಕ್ಕೋಡಿ ತಾಲೂಕಿನ ಹಿರೇಕೋಡಿಯಲ್ಲಿ ಜೈನ ಮುನಿಗಳಾದ ಆಚಾರ್ಯ ಕಾಮಕುಮಾರನಂದಿ ಮಹಾರಾಜರ ಘೋರ ಹತ್ಯೆಯಾದದ್ದನ್ನು ತಾವು ಮರೆತಿರಲಾರಿರಿ. ಆಗ ಈ ಸೀಮೆಯ ಎಲ್ಲ ಮಠಗಳ ಭಕ್ತರ ಕಣ್ಣುಗಳೂ ತೇವಗೊಂಡವು. ಪೋಲೀಸರು ಇಬ್ಬರನ್ನು ಬಂಧಿಸಿ, ಸಾಲದ ಹಣದ ವ್ಯವಹಾರವೇ ಕಾರಣವೆಂದು ಹೇಳಿದರು. ಸರಕಾರವು ತಪಾಸನ್ನು ಸಿ.ಐ.ಡಿ.ಗೆ ವಹಿಸಿತು. ಬಂಧಿತರಿಬ್ಬರೂ ಬೇರೆ ಬೇರೆ ಧರ್ಮದವರು. ಆದರೂ ಚರ್ಚೆಯ ಬಹುಭಾಗವು ಅವರಲ್ಲಿ ಒಬ್ಬನ ಧರ್ಮದ ಸುತ್ತ ತಿರುಗಿತು. ಯಾರು, ಏಕೆ, ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೋರ್ಟು ಕೊಡಬೇಕು. ‘ಯಾವ ಜಾತಿ’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಮೊದಲನೆಯದನ್ನಾಗಿ ಮಾಡಿದೊಡನೆ ಸತ್ತ ಪುಣ್ಯಾತ್ಮರೂ ಮರೆತುಹೋಗುತ್ತಾರೆ, ಸತ್ಯವೂ ಮರೆಯಾಗುತ್ತದೆ.

ಶಬ್ದಗಳ ಆಯ್ಕೆಯಲ್ಲಿಯೂ ತೀರ್ಪು ಅಡಗಿರುತ್ತದೆ. 1981ರಲ್ಲಿ ನಮ್ಮ ತಂಬಾಕಿನ ರೈತರು ಯೋಗ್ಯ ಬೆಲೆಗಾಗಿ ಶರದ ಜೋಶಿಯವರ ನೇತೃತ್ವದಲ್ಲಿ ಇದೇ ನಿಪ್ಪಾಣಿಯ ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ಗೋಳೀಬಾರಾಗಿ ರೈತರು ಮಡಿದರು. ಅದನ್ನು ‘ದೊಂಬಿ’ ಎಂದು ಕರೆದರೆ ಗುಂಡು ಹಾರಿಸಿದ್ದು ಶಾಂತಿರಕ್ಷಣೆಯಾಗುತ್ತದೆ. ‘ಸತ್ಯಾಗ್ರಹ’ ಎಂದು ಕರೆದರೆ ಹತ್ಯೆಯಾಗುತ್ತದೆ. ನಮ್ಮವರ ರಕ್ತ ಚೆಲ್ಲಿದ ಕಾರಣ ಇಲ್ಲಿಯ ಶಬ್ದದ ಭಾರವು ನಮಗೆ ಗೊತ್ತು. ಬೇರೆ ಊರಿನವರ, ಬೇರೆ ಜನರ ಸುದ್ದಿಯನ್ನು ಓದುವಾಗಲೂ ಅದೇ ಎಚ್ಚರವು ಇರಬೇಕಷ್ಟೆ.

ಕೆಲವು ಜನಗಳ ಮಟ್ಟಿಗೆ ಶಬ್ದವೇ ಶಿಕ್ಷೆಯಾದದ್ದುಂಟು. 1871ರಲ್ಲಿ ಬ್ರಿಟಿಷ್ ಸರಕಾರವು ‘ಅಪರಾಧಿ ಬುಡಕಟ್ಟುಗಳ’ ಕಾಯದೆಯನ್ನು ಮಾಡಿ, ಮುಂದೆ ಅದನ್ನು ನಮ್ಮ ಭಾಗಕ್ಕೂ ಹಬ್ಬಿಸಿತು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರನ್ನು ಕೂಡಿಹಾಕಿದ ವಸತಿಗಳಿದ್ದವು. ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ. ಘಂಟಿಚೋರರೆಂಬ ಜನಾಂಗದ ಹೆಸರಿನಲ್ಲಿಯೇ ‘ಚೋರ’ ಶಬ್ದವಿದೆ. ಹುಟ್ಟಿದ ಕೂಸಿಗೆ ಹೆಸರಿಡುವ ಮೊದಲೇ ನಿರ್ಣಯವಾಗಿಬಿಟ್ಟಂತೆ! 1952ರಲ್ಲಿ ಕಾಯದೆಯು ರದ್ದಾಯಿತು, ಸಂಶಯವು ರದ್ದಾಗಲಿಲ್ಲ. ಬಸವಣ್ಣನವರ ಪಾದಸ್ಪರ್ಶದಿಂದ ಪುನೀತವಾದ ಮಂಗಳವೇಢೆಯ ಸೀಮೆಯ ಅಲೆಮಾರಿ ನಾಥಪಂಥಿ ಗೋಸಾವಿಗಳು ಭಿಕ್ಷೆಗಾಗಿ ಧುಳೆ ಜಿಲ್ಲೆಗೆ ಹೋಗಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸುದ್ದಿಯು ಮೊಬೈಲುಗಳಲ್ಲಿ ಹರಿದಾಡಿತ್ತು. 2018ರ ಜುಲೈ 1ರಂದು ರಾಯಿನಪಾಡೆಯೆಂಬ ಹಳ್ಳಿಯಲ್ಲಿ ಐವರನ್ನು ಜನರು ಬಡಿದು ಕೊಂದರು. ಅದೇ ತಿಂಗಳು ನಮ್ಮ ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿಯಲ್ಲಿ ಇಂಥದೇ ವದಂತಿಯಿಂದ ಹೈದರಾಬಾದಿನ ತರುಣ ಇಂಜಿನಿಯರೊಬ್ಬನು ಪ್ರಾಣ ಕಳೆದುಕೊಂಡನು. ಫಿರ್ಯಾದಿಯಿಲ್ಲ, ಸಾಕ್ಷಿಯಿಲ್ಲ, ವಕೀಲನಿಲ್ಲ. ಸುದ್ದಿಯೂ ಶಿಕ್ಷೆಯೂ ಒಂದೇ ಗಳಿಗೆಯಲ್ಲಿ ಮುಗಿದವು.

ಪ್ರಾಣ ಉಳಿದವರ ಸ್ಥಿತಿಯೇನು? 2012ರ ಆಗಸ್ಟಿನಲ್ಲಿ ಬೆಂಗಳೂರು ಹುಬ್ಬಳ್ಳಿಗಳಲ್ಲಿ ಕೆಲವು ತರುಣರನ್ನು ಭಯೋತ್ಪಾದನೆಯ ಸಂಚಿನ ಆರೋಪದ ಮೇಲೆ ಬಂಧಿಸಿದರು. ಅವರಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಯೊಂದರ ಸುದ್ದಿಗಾರನೂ ಇದ್ದನು. ನಿನ್ನೆಯವರೆಗೆ ಜೊತೆಗಾರನಾಗಿದ್ದವನನ್ನೇ ಅನೇಕ ಪತ್ರಿಕೆಗಳೂ ವಾಹಿನಿಗಳೂ ಸಂಚಿನ ಸೂತ್ರಧಾರನೆಂದು ಸಾರಿದವು. ಆರು ತಿಂಗಳ ತರುವಾಯ ರಾಷ್ಟ್ರೀಯ ತನಿಖಾ ಸಂಸ್ಥೆಯು ಅವನ ಮೇಲೆ ದೋಷಾರೋಪಣ ಪತ್ರವನ್ನೇ ಹಾಕಲಿಲ್ಲ. 2013ರ ಫೆಬ್ರವರಿಯಲ್ಲಿ ಬಿಡುಗಡೆಯಾದನು. 2008ರಲ್ಲಿ ಹುಬ್ಬಳ್ಳಿಯ ಇನ್ನೊಂದು ಖಟ್ಲೆಯಲ್ಲಿ ಬಂಧಿತರಾಗಿದ್ದ 17 ಜನರನ್ನು 2015ರಲ್ಲಿ ಅಲ್ಲಿಯ ನ್ಯಾಯಾಲಯವು ಬಿಡುಗಡೆ ಮಾಡಿತು. ಗುಜರಾಥದ ಅಕ್ಷರಧಾಮದ ಮೇಲಣ ದಾಳಿಯ ಖಟ್ಲೆಯಲ್ಲಿ ಮರಣದಂಡನೆಗೆ ಗುರಿಯಾದವರನ್ನೂ ಒಳಗೊಂಡು ಆರು ಜನರನ್ನು ಸುಪ್ರೀಂ ಕೋರ್ಟು 2014ರ ಮೇ 16ರಂದು ಬಿಟ್ಟಿತು. ಅದು ಲೋಕಸಭೆಯ ಚುನಾವಣೆಯ ಮತ ಎಣಿಕೆಯ ದಿನವಾಗಿತ್ತು! ಆ ದಿನ ಈ ಸುದ್ದಿಯನ್ನು ಓದಿದವರೆಷ್ಟು ಜನ? ಬಂಧನದ ಸುದ್ದಿ ಡಂಗುರದಂತೆ ಬರುತ್ತದೆ. ಬಿಡುಗಡೆಯ ಸುದ್ದಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ಊರಿಗೆ ಮರಳಿದವನಿಗೆ ಬಾಡಿಗೆಗೆ ಮನೆ ದೊರೆಯುವುದಿಲ್ಲ, ಮಗಳಿಗೆ ವರ ದೊರೆಯುವುದಿಲ್ಲ.

ಜನಾಭಿಪ್ರಾಯದ ಕಾವು ನ್ಯಾಯಾಲಯದ ಒಳಗನ್ನೂ ತಟ್ಟುತ್ತದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರೀ ವಿದ್ಯಾರ್ಥಿಗಳ ಪರವಾಗಿ ಯಾರೂ ವಕಾಲತ್ತು ವಹಿಸಬಾರದೆಂದು ವಕೀಲರ ಸಂಘವೇ ಠರಾವು ಮಾಡಿತು, ಹಾಯಕೋರ್ಟು ಆಕ್ಷೇಪಿಸಬೇಕಾಯಿತು. ವಕೀಲನಿಲ್ಲದ ಖಟ್ಲೆಯು ಒಂದು ತಟ್ಟೆಯ ತಕ್ಕಡಿ. ನೆರೆಹೊರೆಯ ಸಾಕ್ಷಿದಾರನು ವಾಹಿನಿಯಲ್ಲಿ ದಿನವೂ ನೋಡಿದ್ದನ್ನೇ ತಾನು ಕಣ್ಣಾರೆ ಕಂಡೆನೆಂದು ನಂಬತೊಡಗುತ್ತಾನೆ. ಜಾಮೀನು ಕೊಡುವ ಅಧಿಕಾರಿಗೂ ಮನೆಯಿದೆ, ಓಣಿಯಿದೆ. 2022ರ ಅಖೇರಿಯಲ್ಲಿ ನಮ್ಮ ದೇಶದ ಬಂದೀಖಾನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನರು, ಅಂದರೆ ನೂರಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿ, ಇನ್ನೂ ವಿಚಾರಣೆ ಮುಗಿಯದವರಾಗಿದ್ದರು. ಇಷ್ಟೊಂದು ಜನರನ್ನು ಒಳಗಿಟ್ಟದ್ದು ಪತ್ರಿಕೆಗಳೇ ಎಂದು ನಾನು ಹೇಳುವುದಿಲ್ಲ. ವಿಳಂಬ, ಬಡತನ, ಜಾಮೀನುದಾರರ ಅಭಾವ ಇವೇ ಮುಖ್ಯ ಕಾರಣಗಳು. ಆದರೆ ಬಂಧಿತನೆಂದರೆ ಅಪರಾಧಿಯೇ ಎಂದು ನಂಬಿದ ಸಮಾಜಕ್ಕೆ ಈ ಸಂಖ್ಯೆಯು ನೋವನ್ನುಂಟುಮಾಡುವುದಿಲ್ಲ. ನೋವಿಲ್ಲದಲ್ಲಿ ಚಿಕಿತ್ಸೆಯೂ ಇಲ್ಲ.

ಇದನ್ನೆಲ್ಲ ಕೇಳಿ ಪತ್ರಿಕೆಗಳ ಬಾಯಿ ಕಟ್ಟಬೇಕೆಂದು ಯಾರೂ ತಿಳಿಯಬಾರದು. ಬಲಿಷ್ಠರು ಮುಚ್ಚಿಟ್ಟ ಎಷ್ಟೋ ಅಪರಾಧಗಳು ಬೆಳಕಿಗೆ ಬಂದದ್ದು ಪತ್ರಕರ್ತರ ಧೈರ್ಯದಿಂದಲೇ. ಬಂದೀಖಾನೆಗಳಲ್ಲಿ ಜಾತಿಗನುಸಾರವಾಗಿ ಕೆಲಸ ಹಂಚುವ ಪದ್ಧತಿಯನ್ನು ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಶೋಧಿಸಿ ಬರೆದರು; ಬರೆದು ಸುಮ್ಮನಿರದೆ ಸುಪ್ರೀಂ ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಆ ನ್ಯಾಯಾಲಯವು ಅಂಥ ನಿಯಮಗಳನ್ನು ಸಂವಿಧಾನಬಾಹಿರವೆಂದು ಸಾರಿತು. ನಾನು ಮೊದಲು ಹೇಳಿದ ಅಲೆಮಾರಿ ಜನಾಂಗಗಳಿಗೂ ಆ ನಿರ್ಣಯದಿಂದ ಉಪಕಾರವಾಯಿತು. ಲೇಖನಿಯು ಎಣಿಸಿ ಬರೆದಾಗ ಎಷ್ಟು ಹಿತವಾಗುತ್ತದೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಕಾಯದೆಯ ಕಟ್ಟುಗಳೂ ಇವೆ. 2006ರಲ್ಲಿ ಕಾನೂನು ಆಯೋಗವು ತನ್ನ 200ನೆಯ ವರದಿಯನ್ನು ಈ ವಿಷಯಕ್ಕೇ ಮೀಸಲಿಟ್ಟಿತು. 2021ರ ಜನವರಿಯಲ್ಲಿ ಮುಂಬಯಿ ಹಾಯಕೋರ್ಟು, ತಪಾಸು ನಡೆಯುತ್ತಿರುವಾಗ ಆರೋಪಿಯ ಚಾರಿತ್ರ್ಯವನ್ನು ಕೆಡಿಸುವುದು, ಸಾಕ್ಷಿದಾರರನ್ನು ಸಂದರ್ಶಿಸುವುದು, ಒಪ್ಪಿಗೆಯನ್ನು ಪುರಾವೆಯೆಂಬಂತೆ ಸಾರುವುದು ತರವಲ್ಲವೆಂದು ವಿವರವಾಗಿ ಹೇಳಿತು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಪೋಲೀಸರು ಪತ್ರಿಕೆಗಳಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ನಿಯಮಗಳನ್ನು ರಚಿಸಲು ಕೇಂದ್ರ ಗೃಹ ಖಾತೆಗೆ ಆಜ್ಞಾಪಿಸಿತು. ಪ್ರೆಸ್ ಕೌನ್ಸಿಲ್ ಎಚ್ಚರಿಸಬಲ್ಲದು, ಖಂಡಿಸಬಲ್ಲದು, ದಂಡ ಹಾಕಲಾರದು. ಆದರೆ ಶರಣರೇ, ಪಕ್ಷಪಾತದ ಸುದ್ದಿಗೆ ಗಿರಾಕಿಯಿರುವವರೆಗೆ ಅಂಗಡಿಯೂ ಇರುತ್ತದೆ. ಆ ಗಿರಾಕಿಗಳು ನಾವೇ.

ಆದುದರಿಂದ ನನ್ನ ವಿಜ್ಞಾಪನೆಯು ಓದುಗರಾದ ತಮ್ಮಲ್ಲಿಯೇ. ಅಪರಾಧದ ಸುದ್ದಿಯನ್ನು ಓದುವಾಗ ಇದನ್ನು ಹೇಳಿದವರು ಯಾರು, ಎದುರಿನವನ ಮಾತು ಎಲ್ಲಿದೆ, ಖಟ್ಲೆಯು ಯಾವ ಹೆಜ್ಜೆಯಲ್ಲಿದೆ, ಜಾತಿಯ ಹೆಸರು ಇಲ್ಲಿ ಏಕೆ ಬಂತು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಉತ್ತರ ಸಿಗದ ಸುದ್ದಿಯನ್ನು ಮೊಬೈಲಿನಿಂದ ಮುಂದಕ್ಕೆ ಕಳುಹಿಸಬೇಡಿರಿ. ಎರಡು ಭಾಷೆ ಬಲ್ಲವರು ಎರಡೂ ಪತ್ರಿಕೆಗಳನ್ನು ಓದಿ, ಒಂದೇ ಭಾಷೆ ಬಲ್ಲ ನೆರೆಯವರಿಗೆ ಇನ್ನೊಂದರ ಮಾತನ್ನು ತಿಳಿಸಿರಿ.

ಶ್ರೀಮಠದ ವಾಚನಾಲಯಕ್ಕೆ ಸಂಬಂಧಿಸಿ ಒಂದು ಸಣ್ಣ ಸೂಚನೆಯನ್ನೂ ಪೂಜ್ಯರ ಪಾದಗಳಲ್ಲಿ ಅರಿಕೆ ಮಾಡುತ್ತೇನೆ. ಅಲ್ಲಿ ಒಂದು ವಹಿಯನ್ನು ಇಡಿಸಬೇಕು. ನಮ್ಮ ಐದು ತಾಲೂಕುಗಳ ಯಾವ ದೊಡ್ಡ ಖಟ್ಲೆಯ ಸುದ್ದಿ ಬಂದರೂ ಎಡಪುಟದಲ್ಲಿ ಮೊದಲ ದಿನದ ಶಿರೋನಾಮೆಯನ್ನು ವಿದ್ಯಾರ್ಥಿಗಳು ಬರೆದಿಡಲಿ. ಬಲಪುಟವನ್ನು ಖಾಲಿ ಬಿಡಲಿ. ಎಷ್ಟೇ ವರ್ಷಗಳಾಗಲಿ, ಕೋರ್ಟಿನ ನಿರ್ಣಯ ಬಂದ ದಿನ ಅದನ್ನು ಬಲಪುಟದಲ್ಲಿ ಬರೆಯಲಿ. ಬಿಡುಗಡೆಯಾದವನು ಈ ಸೀಮೆಯವನಾದರೆ, ಶ್ರೀಮಠದ ಸಭೆಯಲ್ಲಿ ಅವನ ಬಿಡುಗಡೆಯನ್ನು ಸಾರಿ ಹೇಳಲಿ. ಪತ್ರಿಕೆಗಳು ನಾಲ್ಕು ಸಾಲಿನಲ್ಲಿ ಹೇಳಿದ್ದನ್ನು ನಾಲ್ಕು ಊರಿನವರು ಆಗಲಾದರೂ ಕೇಳುವರು. ಅಪರಾಧ ನಿಜವೆಂದು ನಿರ್ಣಯವಾದರೆ ಅದನ್ನೂ ಬರೆಯಲಿ, ನೊಂದವರ ಮನೆಗೆ ಹೋಗಿ ಸಮಾಧಾನ ಹೇಳಲಿ. ಮೊದಲ ದಿನದ ಆವೇಶದಲ್ಲಿ ನೊಂದವರ ಬಾಗಿಲಲ್ಲಿ ನೆರೆಯುವ ಜನರು ನಿರ್ಣಯದ ದಿನ ಅಲ್ಲಿ ಇರುವುದಿಲ್ಲ. ಹತ್ತು ವರ್ಷಗಳ ನಂತರ ಆ ವಹಿಯ ಎಡಪುಟಗಳನ್ನೂ ಬಲಪುಟಗಳನ್ನೂ ಹೋಲಿಸಿ ನೋಡಿದರೆ, ಸುದ್ದಿಯನ್ನು ಓದುವುದು ಹೇಗೆಂಬುದನ್ನು ನಮ್ಮ ಮಕ್ಕಳು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಕಲಿಯುವರು.